ಇಳಕಲ್ ಕ್ವಾರಿಯೊಳಗೆ ನಾಲ್ಕು ಕನ್ನಡಿ, ಒಂದು ಹಳೆ ಧೋತರ

ಎರಡು ವರ್ಷ ಆಯ್ತು, ನಮ್ಮ ಕಡೆ ಫೋಟೋಗ್ರಾಫರ್ ಮಂದಿ ನಾಲ್ಕು ಜನ ಸೇರಿದಲ್ಲಿ ನನಗೆ ಒಂದೇ ಪ್ರಶ್ನೆ. "ಆ ಇಳಕಲ್ ಸೀರಿ ಕ್ಯಾಟಲಾಗಿಗೆ ಯಾವ ಲೈಟ್ ಹಾಕಿದ್ರಿ?" ಲೈಟ್ ಹಾಕಿಲ್ಲ, ಕನ್ನಡಿ ಹಿಡಿದೆ ಅಂದರೆ ನಂಬುವುದಿಲ್ಲ. ಗುಟ್ಟು ಮುಚ್ಚಿಡುತ್ತಾನೆ ಅಂತ ಮಾತಾಡಿಕೊಳ್ಳುತ್ತಾರೆ. ಇಲ್ಲಿ ಬಹುತೇಕ ಎಲ್ಲ ಬರೆದಿದ್ದೇನೆ. ಒಂದೆರಡು ಮಾತ್ರ ನನ್ನ ಹತ್ತಿರವೇ ಇರಲಿ, ಅದು ಹೊಟ್ಟೆಪಾಡು.

ಕೆಲಸ ಕೊಟ್ಟವರು ಇಳಕಲ್‌ನ ಒಬ್ಬ ಸೀರೆ ಸಾಹುಕಾರರು. 18 ಸೀರೆ, 40 ಫೋಟೋ, 60,000 ರೂಪಾಯಿ, ಅದರಲ್ಲಿ 15,000 ಅಡ್ವಾನ್ಸ್. ಅವರದು ಒಂದೇ ಮಾತು: "ಬಿಳಿ ಪರದೆ ಮುಂದ ನಿಲ್ಲಿಸಿ ಹೊಡದದ್ದು ಬ್ಯಾಡ್ರಿ. ಇದು ನಮ್ಮೂರಿಂದು ಅಂತ ನೋಡಿದ ಕೂಡಲೆ ತಿಳೀಬೇಕ." ಎಲ್ಲರೂ ಬಾದಾಮಿಗೆ ಹೋಗು ಎಂದರು. ಸಂಜೆ ಬಿಸಿಲು ಭೂತನಾಥ ಗುಡಿಯ ಮೇಲೆ ಬಿದ್ದಾಗ ಅಗಸ್ತ್ಯತೀರ್ಥದ ನೀರು ಹೇಗೆ ಕಾಣುತ್ತದೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ, ನೂರು ಪ್ರೀ-ವೆಡ್ಡಿಂಗ್ ಆದರೂ ಆ ಸುತ್ತಿನಲ್ಲಿ ತೆಗೆದಿದ್ದೇನೆ. ಆದರೆ ಸ್ಮಾರಕದೊಳಗೆ ಟ್ರೈಪಾಡ್, ಮಾಡೆಲ್, ಸ್ಟ್ಯಾಂಡು ಇಟ್ಟು ವ್ಯಾಪಾರದ ಫೋಟೋ ತೆಗೆಯಬೇಕಾದರೆ ಪುರಾತತ್ವ ಇಲಾಖೆಯ ಪರವಾನಗಿ ಬೇಕು. ನಮಗೆ ಅಷ್ಟು ದಿನ ಇರಲಿಲ್ಲ. ಅಲ್ಲದೆ ಬಾದಾಮಿಯ ಮರಳುಗಲ್ಲು ಬಾದಾಮಿಯದು. ಇಳಕಲ್‌ಗೆ ತನ್ನದೇ ಕಲ್ಲಿದೆ. ಸೀರೆ ನೇಯುವ ಊರಿನ ಮಗ್ಗುಲಲ್ಲೇ ಗುಲಾಬಿ-ಕೆಂಪು ಗ್ರಾನೈಟ್ ಕ್ವಾರಿಗಳಿವೆ. ಸೀರೆಯೂ ಕಲ್ಲೂ ಒಂದೇ ನೆಲದ್ದು ಅಂತ ಸಾಹುಕಾರರಿಗೆ ಹೇಳಿದೆ, ಒಪ್ಪಿದರು. ಪರಿಚಯದವರ ಒಂದು ಕ್ವಾರಿಯಲ್ಲಿ ಕಲ್ಲು ತೆಗೆದು ಬಿಟ್ಟ ಹೊಂಡ ಇತ್ತು. ಸುಮಾರು 50 ಅಡಿ ಆಳ, 80 ಅಡಿ ಅಗಲ, ಒಂದು ಮೂಲೆಯಲ್ಲಿ ಹಸಿರು ನೀರು. ಗೋಡೆಯ ಮೇಲೆ ಮೇಲಿಂದ ಕೆಳಗಿನ ತನಕ ಡ್ರಿಲ್ ಹೊಡೆದ ಗೆರೆಗಳು, ಸೀರೆ ನೆರಿಗೆ ಹಿಡಿದ ಹಾಗೆ.

ಮೊದಲ ದಿನ ಪೂರ್ತಿ ಹಾಳಾಯಿತು. ಬ್ಯಾಟರಿಯ 600 ವ್ಯಾಟ್-ಸೆಕೆಂಡಿನ ಎರಡು ಫ್ಲ್ಯಾಶು, ಬೆಳಕು ಮೆತ್ತಗೆ ಮಾಡುವ ಬಟ್ಟೆಯ ನಾಲ್ಕಡಿ ಆಕ್ಟಾಬಾಕ್ಸು ಬಾಡಿಗೆಗೆ ತಂದಿದ್ದೆ. ದಿನಕ್ಕೆ ಹತ್ತಿರ ಹತ್ತಿರ 3,500, ಡಿಪಾಸಿಟ್ 25,000. ಹೊಂಡದೊಳಗೆ ಗಾಳಿ ಇರುವುದಿಲ್ಲ ಅಂದುಕೊಂಡದ್ದೇ ತಪ್ಪು. ಬಿಸಿಲು ಏರಿದ ಮೇಲೆ ಗಾಳಿ ಅಂಚಿನಿಂದ ಇಳಿದು ಒಳಗೇ ಸುತ್ತುತ್ತದೆ. 11 ಗಂಟೆಗೆ ಆಕ್ಟಾಬಾಕ್ಸು ಹಾಯಿಯ ಹಾಗೆ ಉಬ್ಬಿತು. ಮರಳಿನ ಚೀಲ ಎರಡು ಕಟ್ಟಿದ್ದರೂ ಸ್ಟ್ಯಾಂಡು ಎದ್ದು, ಹೋಗಿ ನೀರಿಗೇ ಬಿತ್ತು. ಡಿಪಾಸಿಟ್‌ನಲ್ಲಿ 19,000 ಹೋಯಿತು. ಅಡ್ವಾನ್ಸ್ ಬಂದದ್ದಕ್ಕಿಂತ ಹೆಚ್ಚು.

ಅದು ದುಡ್ಡಿನ ಮಾತು. ಕೆಲಸವೂ ಬಂದಿರಲಿಲ್ಲ. ಸೆರಗು ಹಾರುವ ಫ್ರೇಮ್ ಬೇಕಿತ್ತು. 1/200 ಸೆಕೆಂಡಿನ ಶಟರಿನಲ್ಲಿ ಸೆರಗಿನ ತುದಿ ಮಸುಕು. ಇನ್ನೂ ವೇಗದ ಶಟರಿಗೆ ಫ್ಲ್ಯಾಶ್ ಹೊಂದಿಸುವ ಹೈ ಸ್ಪೀಡ್ ಸಿಂಕ್ ಹಾಕಿದರೆ ಫ್ಲ್ಯಾಶಿನ ಶಕ್ತಿ ಎರಡು ಮೂರು ಸ್ಟಾಪ್ ಕೆಳಗೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಮತ್ತೆ ಚಾರ್ಜ್ ಆಗುವ ತನಕ ಸೀರೆ ಉಟ್ಟ ಮಾಡೆಲ್ ಹುಡುಗಿ ನಿಂತೇ ಇರಬೇಕು. ನೂರಾರು ಫ್ರೇಮಿನಲ್ಲಿ ಮೂರು ಬಂದವು.

ಬಂದದ್ದನ್ನು ಸಾಹುಕಾರರಿಗೆ ತೋರಿಸಿದೆ. ಅವರು ಮಾತಾಡಲಿಲ್ಲ. ಒಳಗಿಂದ ಆ ಸೀರೆಯನ್ನೇ ತರಿಸಿ, ಸೆರಗು ಬಿಚ್ಚಿ ಮಾನಿಟರಿನ ಪಕ್ಕ ಹಿಡಿದರು. "ತಮ್ಮಾ, ಇದು ನಮ್ ಸೀರಿ ಅಲ್ಲ." ಖರೆ. ಕೆಂಪಿನ ಮೇಲೆ ಬಿಳಿ ತೆನೆ ಬರುವ ಟೋಪ ತೆನಿ ಸೆರಗಿನ ಕೆಂಪು ರೇಷ್ಮೆ ಫೋಟೋದಲ್ಲಿ ಪ್ಲಾಸ್ಟಿಕ್ ಆಗಿತ್ತು. ಬಿಳಿ ತೆನೆಯ ಅಂಚು ಕೆಂಪಿಗೆ ಕಲೆಸಿಹೋಗಿತ್ತು. ಫೋಟೋದ ಕೆಂಪಿನ ಪಾಲು, ಅಂದರೆ ಕೆಂಪು ಚಾನೆಲ್, ಮಿತಿ ಮೀರಿ ಒಡೆದರೆ ಎಳೆ ಸತ್ತ ಹಾಗೆ, ಫೋಟೋ ತಿದ್ದುವ ಲೈಟ್‌ರೂಮಿನಲ್ಲಿ ಎಷ್ಟು ಎಳೆದರೂ ಬರುವುದಿಲ್ಲ. ಬಣ್ಣ ಬೇರೆ ಕಂಡರೆ ಗಿರಾಕಿ ಸೀರೆ ವಾಪಸ್ ಕಳಿಸುತ್ತಾರೆ, ಹೋಗಿ ಬರುವ ಕೊರಿಯರ್ ಖರ್ಚು ಸಾಹುಕಾರರ ತಲೆಗೇ. ಸಿಟ್ಟು ಮಾಡಲಿಲ್ಲ, ಇನ್ನೊಂದು ಸಲ ಅಂದರು. ಅಷ್ಟೇ ಅಂದದ್ದು ನನಗೆ ಹೆಚ್ಚು ಚುಚ್ಚಿತು.

ಕನ್ನಡಿ ಹೊಳೆದದ್ದು ಬಾಗಲಕೋಟೆ ನವನಗರದ ಒಂದು ಗ್ಲಾಸ್ ಅಂಗಡಿಯ ಮುಂದೆ. ಚಹಾ ಕುಡಿಯುತ್ತಾ ನಿಂತಿದ್ದೆ. ಟೆಂಪೋದಿಂದ ದೊಡ್ಡ ಕನ್ನಡಿ ಇಳಿಸುತ್ತಿದ್ದರು. ಅದರ ಬೆಳಕಿನ ತುಂಡು ಎದುರು ಮನೆಯ ನೆರಳಿನ ಗೋಡೆ ಹತ್ತಿ ಓಡಿ, ಮಾಳಿಗೆಯಲ್ಲಿ ಒಣಹಾಕಿದ್ದ ಧೋತರದ ಮೇಲೆ ನಿಂತಿತು. ಧೋತರ ಕಂದೀಲಿನ ಗಾಜಿನ ಹಾಗೆ ತುಂಬಿಕೊಂಡಿತು. ಅದರ ಹಿಂದಿದ್ದ ಗೋಡೆ, ತುಳಸಿ ಕುಂಡ, ಒಲೆಯ ಮಸಿ ಹತ್ತಿದ ಪಾತ್ರೆ, ಎಲ್ಲದರ ಮೇಲೆ ಮೆತ್ತನೆ ಬೆಳಕು. ಎರಡು ಸೆಕೆಂಡು ಇದ್ದಿರಬೇಕು. ಚಹಾ ಅಲ್ಲೇ ಇಟ್ಟು ಒಳಗೆ ಹೋದೆ.

ಹೊಸದೇನೂ ಅಲ್ಲ ಇದು. ನಮ್ಮ ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ಹಿಂದಿ 'ಕಾಗಜ್ ಕೆ ಫೂಲ್' ಚಿತ್ರಕ್ಕೆ ಸ್ಟುಡಿಯೋದೊಳಗೆ ಬಿಸಿಲಿನ ಕೋಲು ತಂದದ್ದು ಕನ್ನಡಿಯಿಂದಲೇ. ಓದಿದ್ದೆ, ಮರೆತಿದ್ದೆ. ಅಂಗಡಿಯ ಕಾಕಾ ಮಾತ್ರ ಕೇಳಿದರು: "ಕನ್ನಡಿಲೆ ಯಾರರ ಫೋಟೋ ಹೊಡಿತಾರೇನೋ? ಮುಖ ನೋಡ್ಕೊಳ್ಳಾಕ ಐತದು." ಫೋಟೋಗ್ರಾಫರ್ ಗೆಳೆಯರು ಅದಕ್ಕಿಂತ ಕೆಟ್ಟದಾಗಿ ಅಂದರು.

ಮೊದಲು ಮನೆಯ ಅಲಮಾರಿಯ ಕನ್ನಡಿ ತಂದು ಮಾಳಿಗೆ ಮೇಲೆ ನೋಡಿದೆ. ತೆಳು ಗಾಜು, ಅದರಲ್ಲಿ ಅಲೆ ಇತ್ತು. ಹತ್ತಡಿಗೆ ಗೊತ್ತಾಗುವುದಿಲ್ಲ, 60 ಅಡಿಗೆ ಬೆಳಕು ನೀರಿನ ಹಾಗೆ ಪಟ್ಟೆ ಪಟ್ಟೆ. ಅಕ್ರಿಲಿಕ್ ಹಗುರ ಅಂತ ಒಂದು ಹಾಳೆ ತಂದೆ, 2,200 ದಂಡ. ಬಿಸಿಲಿಗೆ ಬಾಗಿ ಬೆಳಕನ್ನು ಒಂದೆಡೆ ಗುಡ್ಡೆ ಹಾಕಿತು. ಅದು ಅಪಾಯ ಕೂಡ, ಬಟ್ಟೆ ಸುಡಬಹುದು. ಕೊನೆಗೆ 5 ಮಿಮೀ ಗಾಜಿನ ಒಳ್ಳೆ ಕನ್ನಡಿ, 4 ಅಡಿಗೆ 3 ಅಡಿ, ನಾಲ್ಕು. ಒಂದೊಂದು 14 ಕಿಲೋದ ಆಸುಪಾಸು. ಹಿಂದೆ ಪ್ಲೈವುಡ್, ಸುತ್ತ ರಬ್ಬರ್ ಪಟ್ಟಿ, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಕಾಲು. ಎಲ್ಲ ಸೇರಿ 11,000 ಇರಬೇಕು. ರಬ್ಬರ್ ಬಿಡಬೇಡಿ. ಗಟ್ಟಿಯಾಗಿ ಬಿಗಿದ ಒಂದು ಕನ್ನಡಿ ಬಿಸಿಲಿಗೆ ತಾನೇ ಸೀಳಿತು.

ಈಗ ಜಾಗದ ವಿಷಯ, ಇಲ್ಲೇ ಎಲ್ಲ ಇರುವುದು. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನಮ್ಮಲ್ಲಿ ನಡು ಮಧ್ಯಾಹ್ನವೂ 50 ಡಿಗ್ರಿಯ ಸುತ್ತಮುತ್ತ. ಹಾಗಾಗಿ ಹೊಂಡದ ದಕ್ಷಿಣ ಗೋಡೆಯ ಬುಡದಲ್ಲಿ ಇಡೀ ದಿನ ನೆರಳು, 12 ಗಂಟೆಗೂ 40 ಅಡಿ ನೆರಳು ಸಿಕ್ಕಿತು. ಹುಡುಗಿ ಅಲ್ಲಿ. ಕನ್ನಡಿ ಎದುರು, ಉತ್ತರದ ಅಂಚಿನ ಮೇಲೆ, ಬೆಳಿಗ್ಗೆ ವಾಯವ್ಯ ಮೂಲೆ, ಊಟದ ನಂತರ ಈಶಾನ್ಯ ಮೂಲೆ. ಸೂರ್ಯ ಮೇಲೆ, ಗುರಿ ಕೆಳಗೆ, ಹಾಗಾಗಿ ಕನ್ನಡಿಯನ್ನು ಚೂರೇ ಹಿಂದಕ್ಕೆ ವಾಲಿಸಿದರೆ ಸಾಕು, ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಗಾಳಿಗೆ ನಾಲ್ಕು ಗ್ರಾನೈಟ್ ತುಂಡು ಕಾಲಿಗೆ ಒರಗಿಸಿದೆವು, ಕ್ವಾರಿಯಲ್ಲಿ ಅದಕ್ಕೇನು ಬರ.

ಮೂರು ಕನ್ನಡಿಯ ಬೆಳಕು ಒಂದೇ ಧೋತರಕ್ಕೆ. ಧೋತರ ಹುಡುಗಿಯಿಂದ ಐದಡಿ, ಬಿದಿರಿನ ಚೌಕಟ್ಟಿಗೆ ಕಟ್ಟಿದ್ದು. ನಾಲ್ಕನೆಯದು ಹಿಂದಿನಿಂದ ಕೂದಲ ಅಂಚಿಗೆ. ಬರೀ ಕನ್ನಡಿಯ ಬೆಳಕು ಯಾರ ಮುಖಕ್ಕೂ ಬೀಳಬಾರದು, ಅದು ಸೂರ್ಯನನ್ನೇ ನೋಡಿದ ಹಾಗೆ. ಧೋತರ ಹೊಸದು ಬೇಡ, ಗಿರಣಿಯ ಬಿಳುಪಿಗೆ ಫೋಟೋ ನೀಲಿ ಹೊಡೆಯುತ್ತದೆ. ನಮ್ಮ ಅಪ್ಪನ ಹಳೆಯದನ್ನು ನೀಲಿ ಹಾಕದೆ ಐದಾರು ಸಲ ಒಗೆಸಿದ್ದೆ. ಎರಡು ಪದರ. ಪದರದ ನಡುವೆ ಏನಿತ್ತು ಅಂತ ಕೇಳಬೇಡಿ.

ಫೋಟೋ ತೆಗೆದದ್ದು ಎಳ್ಳ ಅಮಾವಾಸ್ಯೆಯ ದಿನ. ಅಮಾವಾಸ್ಯೆಗೆ ಆ ಕ್ವಾರಿಯಲ್ಲಿ ಕೆಲಸ ಬಂದ್, ಧೂಳಿಲ್ಲ, ಸದ್ದಿಲ್ಲ. ನಮ್ಮ ಹುಡುಗರಿಗೆ ಮಾತ್ರ ಹೊಲಕ್ಕೆ ಹೋಗಿ ಚರಗ, ಅಂದರೆ ಭೂಮಿತಾಯಿಗೆ ಅಡುಗೆಯ ನೈವೇದ್ಯ, ಚೆಲ್ಲುವುದು ತಪ್ಪಿತು. ಮೇಕಪ್ ಮಾಡುವ ಅಕ್ಕ ಅದಕ್ಕೇ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಕ್ಯಾಮೆರಾ ತೆಗೆಯುವ ಮೊದಲು ಹೊಂಡದ ಅಂಚಿನಲ್ಲಿ ಅವರೇ ಒಂದು ಹಿಡಿ ಚರಗ ಚೆಲ್ಲಿದರು. ಕನ್ನಡಿ ಸೀಳಿದ್ದೂ ಅವತ್ತೇ. "ಅಮಾಸಿ ದಿನಾ ಕನ್ನಡಿ ಒಡೀತಲ್ರೀ" ಅಂತ ಒಬ್ಬ ಹುಡುಗ ಅಳುಮೋರೆ ಮಾಡಿದ. "ಚರಗ ಚೆಲ್ಲೇವಿ, ಏನೂ ಆಗೂದಿಲ್ಲ, ಉಳದದ್ದು ಹಿಡಿ" ಅಂದರು ಅಕ್ಕ. ಹೊತ್ತು ಮುಳುಗುವ ತನಕ ಮೂರರಲ್ಲೇ ನಡೆಸಿದೆವು.

ಬೆಳಕು ನಿಲ್ಲುವುದಿಲ್ಲ ಅನ್ನುವುದು ಎಲ್ಲರ ದೊಡ್ಡ ಅನುಮಾನ. ಹೌದು, ನಿಲ್ಲುವುದಿಲ್ಲ. ಅಂಚಿನಿಂದ ಗುರಿಗೆ ನೂರಡಿ ಹತ್ತಿರ, ಅಷ್ಟು ದೂರದಲ್ಲಿ ಬೆಳಕಿನ ತುಂಡು ನಿಮಿಷಕ್ಕೆ ಅರ್ಧ ಅಡಿ ಸರಿಯುತ್ತದೆ. ಮೇಲೆ ಇಬ್ಬರು ಹುಡುಗರಿಗೆ ಅದೇ ಕೆಲಸ. ಹೊಂಡದಲ್ಲಿ ಮೊಬೈಲ್ ಸಿಗುವುದಿಲ್ಲ, ಸೀಟಿ ಊದಿ ಟವೆಲ್ ಬೀಸಿದೆ. ಎಡಕ್ಕೆ ಬೀಸಿದರೆ ಎಡಕ್ಕೆ. ಒಂದು ತಾಸಿನಲ್ಲಿ ಸೀಟಿ ಇಲ್ಲದೆಯೇ ತಿದ್ದುವಷ್ಟು ಪಳಗಿದರು.

ಬಂದ ಬೆಳಕು ನೋಡಿ. ಹೊಳಪು ಇಳಿಸುವ ಪೋಲರೈಸರ್ ಗಾಜನ್ನು ಲೆನ್ಸಿಗೆ ಹಾಕಿ ಒಂದೂವರೆ ಸ್ಟಾಪ್ ಕಳೆದುಕೊಂಡ ಮೇಲೂ ಐಎಸ್ಓ (ಬೆಳಕು ಹಿಡಿಯುವ ಸೂಕ್ಷ್ಮತೆ) 200, ಶಟರ್ 1/200, ಲೆನ್ಸಿನ ಕಿಂಡಿ ಎಫ್ 6.3ರ ಅಂದಾಜು. ಹಾರುವ ಸೆರಗಿಗೆ ಐಎಸ್ಓ 1000 ಮಾಡಿ 1/1000. ಸಿಂಕ್ ಇಲ್ಲ, ಚಾರ್ಜ್ ಇಲ್ಲ, ಬಟನ್ ಒತ್ತಿ ಹಿಡಿದದ್ದೇ. ಸೆರಗು ಮೇಲೇಳುವುದು, ಬಿಚ್ಚುವುದು, ಇಳಿಯುವುದು ಸಾಲಾಗಿ ಸಿಕ್ಕವು. ಆ ಸೆರಗು ಅಷ್ಟು ಅಗಲವಾಗಿ ಹೇಗೆ ಬಿಚ್ಚಿಕೊಳ್ಳುತ್ತದೆ ಅನ್ನುವುದು ಅಕ್ಕನ ಕೈಚಳಕ, ಅವರನ್ನು ಕೇಳದೆ ನಾನು ಬರೆಯಲಾರೆ.

ಕೆಂಪಿನ ಸಮಸ್ಯೆಗೆ ಮೂರು ಮದ್ದು ಒಟ್ಟಿಗೆ ಕೊಟ್ಟೆ. ಪೋಲರೈಸರ್ ರೇಷ್ಮೆಯ ಹೊಳಪು ಇಳಿಸಿತು. ಕ್ಯಾಮೆರಾದಲ್ಲಿ ಚಿತ್ರದ ಸೆಟ್ಟಿಂಗ್ ನ್ಯೂಟ್ರಲ್ ಇಟ್ಟು, ಒಟ್ಟು ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ಬಿಟ್ಟು ಕೆಂಪಿನದನ್ನಷ್ಟೇ ನೋಡಿ, ಮುಕ್ಕಾಲು ಸ್ಟಾಪ್ ಕಡಿಮೆ ತೆಗೆದೆ. ಸೀರೆ ಬದಲಾದಾಗೆಲ್ಲ ಬಣ್ಣ ಸರಿಹೊಂದಿಸಲು ಬೂದು ಬಣ್ಣದ ಗ್ರೇ ಕಾರ್ಡ್. ಕನ್ನಡಿಯ ಗಾಜಿನಲ್ಲಿ ಸಣ್ಣ ಹಸಿರು ಇರುತ್ತದೆ, ಅಂಚು ನೋಡಿದರೆ ಕಾಣುತ್ತದೆ, ಅದೂ ಕಾರ್ಡಿಗೆ ಸಿಕ್ಕಿತು. ಆದರೂ ಚಂದ್ರಕಾಳಿ ಸೀರೆಯ ಕಪ್ಪು ನಸುಗೆಂಪಾಗಿ ಬರುತ್ತಿತ್ತು. ತಲೆ ಕೆಟ್ಟು ಅರ್ಧ ತಾಸು ಹೋಯಿತು. ಆಮೇಲೆ ಹಿಂತಿರುಗಿ ನೋಡಿದರೆ, ಬಿಸಿಲು ಬಿದ್ದ ಉತ್ತರದ ಕಲ್ಲುಗೋಡೆಯೇ ಗುಲಾಬಿ ರಿಫ್ಲೆಕ್ಟರ್ ಆಗಿ ನಿಂತಿದೆ! ಕರಿ ಸ್ಯಾಟಿನ್ ಕಟ್ಟಿದೆ, ಅದೂ ಹೊಳೆಯಿತು. ಕಾವಲುಗಾರ ಅಜ್ಜನ ಕರಿ ಕಂಬಳಿ ಕೇಳಿ ತಂದು ಕಟ್ಟಿದೆ. ಬೆಳಕನ್ನು ಕಂಬಳಿ ಕುಡಿದ ಹಾಗೆ ಬೇರೆ ಯಾವುದೂ ಕುಡಿಯುವುದಿಲ್ಲ. ಈಗ ನನ್ನ ಕಿಟ್ಟಿನಲ್ಲಿ ಕುರಿ ಉಣ್ಣೆಯ ಎರಡು ಕಂಬಳಿ ಖಾಯಂ.

ನಡುನಡುವೆ ಬೇರೆ ಪ್ರಯೋಗವೂ ಮಾಡಿದೆ. ಹಿತ್ತಾಳೆಯ ದೊಡ್ಡ ಪರಾತ ಕೆಳಗಿನಿಂದ ಹಿಡಿದರೆ ಗುಳೇದಗುಡ್ಡದ ಖಣದ ಕುಪ್ಪಸದ ಮೇಲೆ ದೀಪದ ಬಣ್ಣ ಬರುತ್ತದೆ, ಬಲು ಚಂದ. ಲೋಬಾನದ ಹೊಗೆ ಹಾಕಿ ಬಿಸಿಲಿನ ಕೋಲು ಕಾಣಿಸಲು ನೋಡಿದೆ, ಗಾಳಿ ಬಿಡಲಿಲ್ಲ. ಮೇ ತಿಂಗಳಲ್ಲಿ ಇನ್ನೊಬ್ಬರ ಕೆಲಸಕ್ಕೆ ಇದೇ ಹೊಂಡಕ್ಕೆ ಹೋದೆ, ಸೂರ್ಯ ನೆತ್ತಿಯ ಮೇಲೆ, ನೆರಳೇ ಇಲ್ಲ. 8,000 ಖರ್ಚು ಮಾಡಿಕೊಂಡು ಬರಿಗೈಲಿ ಬಂದೆ. ಈ ಪದ್ಧತಿ ಚಳಿಗಾಲದ್ದು.

ಎಲ್ಲಕ್ಕಿಂತ ನನಗೆ ಪ್ರೀತಿಯ ಫೋಟೋ ಹುಡುಗಿಯದಲ್ಲ, ಕೊಂಡಿಯದು. ಮೈಯ ಹತ್ತಿ ಹಾಸು, ಸೆರಗಿನ ರೇಷ್ಮೆ ಹಾಸು ಒಂದಕ್ಕೊಂದು ಕುಣಿಕೆ ಹಾಕಿ ಸೇರುವ ಗೆರೆ ಅದು. ಮ್ಯಾಕ್ರೋ ಹಾಕಿ, ನಾಲ್ಕನೆಯ ಕನ್ನಡಿ ಸೀಳುವ ಮೊದಲೇ ಅದರ ಬೆಳಕನ್ನು ಅಡ್ಡಲಾಗಿ ತೇಲಿಸಿ ತೆಗೆದಿದ್ದೆ. ಒಂದೊಂದು ಕೆಂಪು ಕುಣಿಕೆಯೂ ತನ್ನ ನೆರಳಿನೊಂದಿಗೆ ನಿಂತಿತ್ತು. ಸಾಹುಕಾರರ ಅಂಗಡಿಯಲ್ಲಿ ಅದನ್ನು ದೊಡ್ಡದು ಮಾಡಿ ತೋರಿಸುವಾಗ, ನೇಕಾರರ ಮನೆಯ ಒಬ್ಬ ಅಮ್ಮ ಸೀರೆ ಕೊಡಲು ಬಂದಿದ್ದರು. ಕನ್ನಡಕ ಏರಿಸಿ ಬೆರಳಿಟ್ಟು ಎಣಿಸಿದರು. "ಇಲ್ಲಿ ಒಂದ್ ಎಳಿ ತಪ್ಪೇತಿ ನೋಡ್ರಿ, ಇದು ನಾ ಹಾಕಿದ ಕೊಂಡಿನ." ಸಾಹುಕಾರರು ಆ ಫೋಟೋವನ್ನೇ ಕ್ಯಾಟಲಾಗಿನ ಮುಖಪುಟಕ್ಕೆ ಹಾಕಿದರು.

ಲೆಕ್ಕ ಇಷ್ಟು. ಮೊದಲ ದಿನದ ನಷ್ಟ, ಕನ್ನಡಿ, ಹುಡುಗಿಯ ಸಂಭಾವನೆ, ಮೇಕಪ್, ಗಾಡಿ, ಊಟ ಎಲ್ಲ ಸೇರಿ 56,000 ದಾಟಿತು. ಕೈಗೆ ಉಳಿದದ್ದು 4,000ಕ್ಕೂ ಕಡಿಮೆ. ಆದರೆ ಮುಂದಿನ ಎರಡು ಕ್ಯಾಟಲಾಗು ನನಗೇ ಬಂದವು, ಒಂದಕ್ಕೆ 1,10,000ರಂತೆ. ಬಣ್ಣ ಬೇರೆ ಅಂತ ಸೀರೆ ವಾಪಸ್ ಬರುವುದು ಬಹಳ ಕಡಿಮೆ ಆಗಿದೆ ಅಂತ ಸಾಹುಕಾರರೇ ಹೇಳಿದರು. ಇಷ್ಟು ನಿಖರವಾದ ಇಳಕಲ್ ಕೆಂಪು ನಮ್ಮ ಮೂರು ಜಿಲ್ಲೆಯಲ್ಲಿ ಬೇರೆ ಯಾರೂ ತೆಗೆದದ್ದು ನಾನು ನೋಡಿಲ್ಲ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

ಕನ್ನಡಿಗಳು ನವನಗರದ ನನ್ನ ಸ್ಟುಡಿಯೋದಲ್ಲಿ ಕಂಬಳಿ ಸುತ್ತಿಕೊಂಡು ಕೂತಿವೆ, ಒಡೆದದ್ದರ ಜಾಗಕ್ಕೆ ಹೊಸದು ಬಂದಿದೆ. ಬೇಕಾದವರು ಒಯ್ಯಬಹುದು, ದಿನಕ್ಕೆ 800. ಕ್ವಾರಿಯ ಮಾಲೀಕರನ್ನು ಕೇಳದೆ ಒಳಗೆ ಇಳಿಯಬೇಡಿ, ಅಂಚಿನಲ್ಲಿ ನಿಲ್ಲುವ ಹುಡುಗರ ಸೊಂಟಕ್ಕೆ ಹಗ್ಗ ಕಟ್ಟಿ, ಮತ್ತು ರಬ್ಬರ್ ಪಟ್ಟಿ ಸರಿ ಇದೆಯಾ ಅಂತ ಒಯ್ಯುವ ಮೊದಲೇ ನೋಡಿಕೊಳ್ಳಿ.