ಒಂದು ಮಿಲಿಮೀಟರಿನ ತೂತು

ನಮ್ಮಪ್ಪನಿಗೆ ಹರ್ನಿಯಾ ಆಪರೇಷನ್ ಆಗಿ ಹನ್ನೊಂದು ವರ್ಷವಾಯಿತು. ಆಮೇಲೆ ಒಮ್ಮೆಯೂ ಕರುಳು ಇಳಿದಿಲ್ಲ. ಡಾಕ್ಟರ ಲೆಕ್ಕದಲ್ಲಿ ಆಪರೇಷನ್ ಸಕ್ಸಸ್. ಆದರೆ ಇವತ್ತಿಗೂ ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಅಪ್ಪನ ಕೈ ತೊಡೆಸಂದಿಗೆ ಹೋಗುತ್ತದೆ. "ನೋವಲ್ಲೋ ತಮ್ಮಾ, ಒಳಗ ರಟ್ಟ ಇಟ್ಟಂಗ ಆಗತೈತಿ" ಅನ್ನುತ್ತಾನೆ.

ಆ ರಟ್ಟು ಏನು ಅಂತ ಆಗ ನನಗೆ ಗೊತ್ತಿರಲಿಲ್ಲ. ಈಗ ಅದನ್ನೇ ವಿನ್ಯಾಸ ಮಾಡುತ್ತೇನೆ. ಹರ್ನಿಯಾ ಆಪರೇಷನ್ನಿನಲ್ಲಿ ಹೊಟ್ಟೆಯ ಗೋಡೆಗೆ ಆಸರೆಯಾಗಿ ಇಡುವ ಜಾಳಿಗೆ ಇದೆಯಲ್ಲ, ಮೆಶ್ ಅಂತಾರಲ್ಲ, ಅದು.

ನಮ್ಮದು ರಬಕವಿ. ಮನೆಯಲ್ಲಿ ನಾಲ್ಕು ಪಾವರ್‌ಲೂಮ್ ಇದ್ದವು. ನೂಲು ಸುತ್ತಿದ ಬೀಮು ಎತ್ತಿ ಎತ್ತಿಯೇ ಅಪ್ಪನಿಗೆ ಹರ್ನಿಯಾ ಬಂತು ಅಂತ ಓಣಿಯವರೆಲ್ಲ ಹೇಳುತ್ತಿದ್ದರು. ನಾನು ಇಚಲಕರಂಜಿಯಲ್ಲಿ ಟೆಕ್ಸ್‌ಟೈಲ್ ಓದಿದೆ. ಆಮೇಲೆ ಎಂಟು ವರ್ಷ ವಾರ್ಪ್ ನಿಟಿಂಗ್ ಯಂತ್ರಗಳ ಮೇಲೆ, ಅಂದರೆ ಹಾಸಿನ ಎಳೆಗಳನ್ನು ಕುಣಿಕೆ ಹಾಕಿ ಹೆಣೆಯುವ ಯಂತ್ರಗಳ ಮೇಲೆ, ಸೊಳ್ಳೆಪರದೆ, ಸ್ಪೋರ್ಟ್ಸ್ ಶೂ ಬಟ್ಟೆ ಮಾಡಿಸಿದೆ. ಬೆಳಗಾವಿಯ ಒಬ್ಬ ಸರ್ಜನ್ ಪರಿಚಯವಾಗಿದ್ದು ಊರಿನ ಒಂದು ಮದುವೆಯಲ್ಲಿ. ಊಟಕ್ಕೆ ಪಕ್ಕದ ಎಲೆಯಲ್ಲಿ ಕೂತಿದ್ದರು. ನಾನು ಸೊಳ್ಳೆಪರದೆ ಅಂದಿದ್ದೇ ತಡ, ಹೋಳಿಗೆ ಬಿಟ್ಟು ನನ್ನ ಕಡೆ ತಿರುಗಿದರು.

ಅವರು ತಿರುಗಿದ್ದಕ್ಕೆ ಕಾರಣವಿದೆ. ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಊರಲ್ಲಿ ಡಾ. ರವೀಂದ್ರನಾಥ ಟೊಂಗಾಂವ್ಕರ್ ಅನ್ನುವ ಸರ್ಜನ್ 1990ರ ದಶಕದಲ್ಲೇ ಸೊಳ್ಳೆಪರದೆಯ ಬಟ್ಟೆಯನ್ನು ಸ್ಟೆರಿಲೈಸ್ ಮಾಡಿ ಹರ್ನಿಯಾಗೆ ಹಾಕಲು ಶುರು ಮಾಡಿದ್ದರು. ಕಂಪನಿ ಮೆಶ್ ಕೊಳ್ಳಲಾಗದ ರೋಗಿಗಳಿಗಾಗಿ. ಕೇಳಿದವರು ಮೊದಲು ನಕ್ಕಿರಬೇಕು. ಮುಂದೆ ಉಗಾಂಡಾದಲ್ಲಿ 302 ಗಂಡಸರ ಮೇಲೆ ಸರಿಯಾದ ಪರೀಕ್ಷೆ ನಡೆಯಿತು. 2016ರಲ್ಲಿ ಫಲಿತಾಂಶ ಬಂತು. ಒಂದು ವರ್ಷದ ನಂತರ ಸೊಳ್ಳೆಪರದೆಗೂ ದುಬಾರಿ ಮೆಶ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಾಗಂತ ಅಂಗಡಿಯ ಯಾವುದೋ ಪರದೆ ಕತ್ತರಿಸಿ ಹಾಕಬಹುದು ಅಂತಲ್ಲ. ಯಾವ ಪ್ಲಾಸ್ಟಿಕ್ಕು, ಕೀಟನಾಶಕ ಸವರಿದೆಯಾ, ಹೇಗೆ ತೊಳೆದರು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಆದರೆ ನನಗೆ ಬೇರೆಯದೇ ಹೊಳೆಯಿತು. ಸೊಳ್ಳೆಪರದೆ ಹಗುರ, ತೂತು ದೊಡ್ಡದು. ಅಪ್ಪನ ಹೊಟ್ಟೆಯಲ್ಲಿದ್ದದ್ದು ಇದರ ತದ್ವಿರುದ್ಧ.

ಸರ್ಜನ್ ಕೇಳಿದ್ದು ಇಷ್ಟೇ: "ಒಂದು ಹಗುರ ಮೆಶ್ ಮಾಡ್ತೀರೇನ್ರಿ? ನಮ್ಮ ಕಡೆ ಮಂದಿಗೆ ಕೈಗೆಟುಕೋ ರೇಟಿನಾಗ?"

ನಾನು ಮಾಡಿದ ಮೊದಲ ಸ್ಯಾಂಪಲ್ ನೆನೆದರೆ ಈಗ ನಾಚಿಕೆಯಾಗುತ್ತದೆ. ನೇಕಾರರ ಮನೆಯವನು ನಾನು. ಅಪ್ಪ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವವನು. ಬೆಳಕು ತೂರಿದರೆ ಬಟ್ಟೆ ಕಳಪೆ. ಆ ಬುದ್ಧಿ ನನ್ನಲ್ಲೂ ಇತ್ತು. ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ 0.15 ಮಿಲಿಮೀಟರ್ ದಪ್ಪದ ಒಂಟಿ ಎಳೆ ತಗೊಂಡು ಗಟ್ಟಿಯಾಗಿ ಹೆಣೆಸಿದೆ. ಚದರ ಮೀಟರಿಗೆ 88 ಗ್ರಾಂ ತೂಗಿತು. ಎಳೆದರೆ ಹರಿಯಲೇ ಇಲ್ಲ. ಹೆಮ್ಮೆಯಿಂದ ಒಯ್ದು ಕೊಟ್ಟೆ. ಡಾಕ್ಟ್ರು ಅದನ್ನು ಮುಷ್ಟಿಯಲ್ಲಿ ಹಿಚುಕಿ ಬಿಟ್ಟರು. ಅದು ಟಕ್ ಅಂತ ನೆಟ್ಟಗಾಯಿತು. "ಇದನ್ನ ಬಾಗಿಲ ಮುಂದ ಹಾಕ್ರಿ, ಕಾಲು ಒರಸಾಕ ಚಲೋ ಆಗತೈತಿ" ಅಂದರು.

ಆ ರಾತ್ರಿ ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ಜೋರಾಗಿ ಕೆಮ್ಮಿದಾಗ, ಜಿಗಿದಾಗ ಹೊಟ್ಟೆಯೊಳಗಿನ ಒತ್ತಡ 150 ಮಿಲಿಮೀಟರ್ ಪಾದರಸದ ಆಸುಪಾಸಿಗೆ ಏರುತ್ತದೆ, ಅಂದರೆ ಸುಮಾರು 20 ಕಿಲೋಪಾಸ್ಕಲ್. ಹೊಟ್ಟೆಯನ್ನು 16 ಸೆಂಟಿಮೀಟರ್ ತ್ರಿಜ್ಯದ ಚೆಂಡು ಅಂದುಕೊಳ್ಳಿ. ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಗೋಡೆಯ ಮೇಲಿನ ಎಳೆತ ಸಿಗುತ್ತದೆ. ಲಾಪ್ಲಾಸ್ ಸೂತ್ರ, ಪಿಯುಸಿಯಲ್ಲಿ ಸಾಬೂನಿನ ಗುಳ್ಳೆಗೆ ಓದಿದ್ದೇ. ಉತ್ತರ ಸೆಂಟಿಮೀಟರಿಗೆ 16 ನ್ಯೂಟನ್. ಒಂದು ಸೆಂಟಿಮೀಟರ್ ಅಗಲದ ಪಟ್ಟಿಗೆ ಒಂದೂವರೆ ಕಿಲೋಗಿಂತ ತುಸು ಜಾಸ್ತಿ ತೂಗುಬಿಟ್ಟಷ್ಟು. ಹೊಟ್ಟೆಯ ಗೋಡೆಯ ದೊಡ್ಡ ತೂತನ್ನು ಮುಚ್ಚದೆ ಅದರ ಮೇಲೆ ಸೇತುವೆಯಂತೆ ಮೆಶ್ ಹಾಸಿದರೆ ಇದರ ಇಮ್ಮಡಿ ಬೇಕು ಅನ್ನುತ್ತಾರೆ. ನನ್ನ ಕಾಲೊರೆಸು ಇದರ ಐದು ಪಟ್ಟು ತಡೆಯುತ್ತಿತ್ತು. ಆ ಹೆಚ್ಚಿನ ಬಲದಿಂದ ರೋಗಿಗೆ ಏನೂ ಲಾಭವಿಲ್ಲ. ಹೆಚ್ಚಿನ ಪ್ಲಾಸ್ಟಿಕ್ ಮಾತ್ರ ಮೈಯಲ್ಲಿ ಉಳಿಯುತ್ತದೆ.

ಪ್ಲಾಸ್ಟಿಕ್ ಉಳಿದರೆ ಏನಾಗುತ್ತದೆ ಅನ್ನುವುದನ್ನು ಜರ್ಮನಿಯ ಆಹೆನ್ ನಗರದ ಸರ್ಜನ್ ಉವೆ ಕ್ಲಿಂಗೆ ಮತ್ತು ಅವರ ಜೊತೆಯ ರೋಗಶಾಸ್ತ್ರಜ್ಞ ಕ್ಲೋಸ್ಟರ್‌ಹಾಲ್ಫೆನ್ ತೋರಿಸಿಕೊಟ್ಟಿದ್ದಾರೆ. ರೋಗಿಗಳ ಮೈಯಿಂದ ವಾಪಸ್ ತೆಗೆದ ಮೆಶ್‌ಗಳನ್ನು ಅವರು ಸೂಕ್ಷ್ಮದರ್ಶಕದಡಿ ನೋಡಿದರು. ಮೈ ಪ್ರತಿಯೊಂದು ಎಳೆಯ ಸುತ್ತಲೂ ಗಾಯದ ಕವಚ ಕಟ್ಟುತ್ತದೆ. ಎರಡು ಎಳೆಗಳ ನಡುವೆ ಜಾಗವಿದ್ದರೆ ಅಲ್ಲಿ ಮೆತ್ತನೆಯ ಮಾಂಸ, ಕೊಬ್ಬು ಬೆಳೆಯುತ್ತದೆ. ಜಾಗ ಕಡಿಮೆಯಾದರೆ ಕವಚಗಳು ಒಂದಕ್ಕೊಂದು ಕೂಡಿಕೊಂಡು ಇಡೀ ಮೆಶ್ ಒಂದೇ ಗಾಯದ ಹಲಗೆಯಾಗುತ್ತದೆ. ಆಮೇಲೆ ಆ ಹಲಗೆ ಕುಗ್ಗುತ್ತದೆ. ಪಾಲಿಪ್ರೊಪಿಲೀನಿಗೆ ಬೇಕಾದ ಜಾಗ ಸುಮಾರು ಒಂದು ಮಿಲಿಮೀಟರ್. ಓದುತ್ತಾ ಓದುತ್ತಾ ಅಪ್ಪನ ರಟ್ಟು ನೆನಪಾಯಿತು. ಆ ಪುಟವನ್ನು ಮೂರು ಸಲ ಓದಿದೆ.

ಹಳೆಯ ನಿಯಮ ಬೇರೆ ಇತ್ತು. ತೂತು 75 ಮೈಕ್ರಾನ್‌ಗಿಂತ (0.075 ಮಿಲಿಮೀಟರ್) ದೊಡ್ಡದಿದ್ದರೆ ಸಾಕು, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಒಳಗೆ ಹೋಗುತ್ತದೆ ಅಂತ. ಅದು ತಪ್ಪಲ್ಲ. ಹಲವು ಎಳೆ ಹೊಸೆದ ದಾರದ ಸಂದಿಯಲ್ಲಿ ಬ್ಯಾಕ್ಟೀರಿಯಾ ಅಡಗುತ್ತದೆ, ಅಲ್ಲಿಗೆ ಬಿಳಿ ಕಣ ತೂರಲಾರದು. ಅದಕ್ಕೇ ಒಂಟಿ ಎಳೆ. ಆದರೆ ಸೋಂಕಿಗೆ ಸಾಕಾಗುವ ತೂತು ಬೇರೆ, ಮೈ ಮೆತ್ತಗಿರಲು ಬೇಕಾದ ತೂತು ಬೇರೆ.

ಸರಿ, ತೂತು ದೊಡ್ಡದು ಮಾಡಿದರಾಯಿತು ಅಂತ ಹೊರಟೆ. ಎಳೆಯನ್ನು 0.10 ಮಿಲಿಮೀಟರಿಗೆ ಇಳಿಸಿದೆ. ಇದರಿಂದ ಎಳೆಯ ಬಲ ಅರ್ಧಕ್ಕಿಂತ ಕೆಳಗೆ ಬಂತು, ಆದರೂ ಲೆಕ್ಕಕ್ಕೆ ಸಾಕು. ಇಲ್ಲಿ ಒಂದು ಮಾತು ಹೇಳಬೇಕು. ಮೆಶ್ ಅನ್ನು ಯಾಕೆ ನೇಯುವುದಿಲ್ಲ? ಹಾಸು ಹೊಕ್ಕಿನ ಬಟ್ಟೆಯನ್ನು ಕತ್ತರಿಸಿದರೆ ಅಂಚಿನ ಎಳೆ ಬಿಚ್ಚುತ್ತದೆ. ಸರ್ಜನ್ ಆಪರೇಷನ್ ನಡುವೆಯೇ ಕತ್ತರಿಯಿಂದ ಮೆಶ್ ಕತ್ತರಿಸುತ್ತಾರೆ, ವೀರ್ಯನಾಳ ಹಾಯಲು ಸೀಳು ಬಿಡುತ್ತಾರೆ. ಕೈಯಿಂದ ಹೆಣೆದ ಸ್ವೆಟರಿನಂಥ ಹೆಣಿಗೆಯಾದರೆ ಒಂದು ಎಳೆ ಜಗ್ಗಿದರೆ ಸಾಲೆಲ್ಲ ಬಿಚ್ಚುತ್ತದೆ. ವಾರ್ಪ್ ನಿಟಿಂಗ್‌ನಲ್ಲಿ ಹಾಸಿನ ಪ್ರತಿ ಎಳೆಗೂ ಅದರದೇ ಸೂಜಿ. ಎಳೆ ಎಡಕ್ಕೆ ಬಲಕ್ಕೆ ಸರಿದು ಪಕ್ಕದ ಕುಣಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲಿ ಕತ್ತರಿಸಿದರೂ ಬಿಚ್ಚುವುದಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಒಂದು ಎಳೆಯ ಕುಣಿಕೆಯಲ್ಲಿ ಇನ್ನೊಂದರ ಕುಣಿಕೆ. ಆ ಕೊಂಡಿ ಬಟ್ಟೆಯ ತುಂಬ ಇದೆ ಅಂದುಕೊಳ್ಳಿ.

ಹೊಸ ಸ್ಯಾಂಪಲ್ ಚೆಂದ ಬಂತು. ತೂತು ಒಂದೂವರೆ ಮಿಲಿಮೀಟರ್, ಚೌಕ. ಈ ಸಲ ಡಾಕ್ಟ್ರ ಹತ್ತಿರ ಓಡಲಿಲ್ಲ, ಬುದ್ಧಿ ಬಂದಿತ್ತು. ಒಂದು ಪಟ್ಟಿ ತೂಗುಹಾಕಿ, ಕೆಳಗೆ ತೂಕ ಕಟ್ಟಿ, ಸೂಕ್ಷ್ಮದರ್ಶಕದಿಂದ ಫೋಟೋ ತೆಗೆದೆ. ತೂಕ ಬಿದ್ದ ತಕ್ಷಣ ಚೌಕಗಳು ಸೊರಗಿ ಸೀಳುಗಳಾದವು. ಅಗಲ 0.3 ಮಿಲಿಮೀಟರಿಗೆ ಇಳಿಯಿತು! ಮೇಜಿನ ಮೇಲೆ ದೊಡ್ಡ ತೂತು, ಮೈಯಲ್ಲಿ ರಟ್ಟು. ಮಾರುಕಟ್ಟೆಯಲ್ಲಿ ಹಗುರ ಅಂತ ಮಾರುವ ಎಷ್ಟೋ ಮೆಶ್‌ಗಳ ಕಾಗದದಲ್ಲಿ ಎಳೆಯದಿದ್ದಾಗಿನ ತೂತಿನ ಅಳತೆ ಮಾತ್ರ ಇರುತ್ತದೆ. ಎಳೆದಾಗ ಎಷ್ಟು ಅಂತ ಕೇಳಿ ನೋಡಿ. ಹರ್ನಿಯಾ ಚಿಕಿತ್ಸೆಯ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಕೂಡ ಬರೀ ತೂಕ ನೋಡಿ ಮೆಶ್ ಆರಿಸಬೇಡಿ ಅನ್ನುತ್ತದೆ.

ಆ ಸೀಳುಗಳ ಜೊತೆ ಏಳು ತಿಂಗಳು ಗುದ್ದಾಡಿದೆ. ಎಳೆಗಳನ್ನು ಸೂಜಿಗೆ ಒಯ್ಯುವ ಗೈಡ್ ಬಾರ್‌ಗಳ ಚಲನೆ ಬದಲಿಸುವುದು, ಹೆಣೆಯುವುದು, ತೂಗುಹಾಕುವುದು, ಬೈದುಕೊಳ್ಳುವುದು. ಕೊನೆಗೆ ಕೈ ಹಿಡಿದದ್ದು ಆರು ಮೂಲೆಯ ತೂತು. ಎರಡು ಬಾರ್‌ಗಳು ಎದುರುಬದುರು ಸರಿಯುತ್ತವೆ, ಮೂಲೆಗಳಲ್ಲಿ ಎರಡೆರಡು ಕುಣಿಕೆ ಕೂಡಿ ಗಂಟಿನಂತೆ ನಿಲ್ಲುತ್ತವೆ. ಎಳೆದರೆ ತೂತು ಉದ್ದವಾಗುತ್ತದೆ, ಆದರೆ ಬಾಯಿ ಮುಚ್ಚುವುದಿಲ್ಲ. ಈಗ ಸೆಂಟಿಮೀಟರಿಗೆ 16 ನ್ಯೂಟನ್ ಎಳೆತದಲ್ಲೂ ಸಣ್ಣ ಅಗಲ 1.1 ಮಿಲಿಮೀಟರ್ ಉಳಿಯುತ್ತದೆ. ತೂಕ ಚದರ ಮೀಟರಿಗೆ 42 ಗ್ರಾಂ. ಇನ್ನೂ ಹಗುರ ಮಾಡಬಹುದಿತ್ತು. ಡಾಕ್ಟ್ರು ಬೇಡವೆಂದರು. ಹೊಟ್ಟೆಯ ಗೋಡೆಯ ತೂತು ದೊಡ್ಡದಿರುವ ಹರ್ನಿಯಾದಲ್ಲಿ ತೀರಾ ಹಗುರ ಮೆಶ್ ಬಲೂನಿನಂತೆ ಉಬ್ಬಿಕೊಂಡದ್ದನ್ನು ಅವರು ಕಣ್ಣಾರೆ ನೋಡಿದ್ದಾರೆ.

ಹೊಟ್ಟೆಯ ಗೋಡೆ ಎಲ್ಲ ಕಡೆಗೂ ಒಂದೇ ಥರ ಹಿಗ್ಗುವುದಿಲ್ಲ. ಮೇಲೆ ಕೆಳಗೆ ಜಾಸ್ತಿ, ಅಡ್ಡಕ್ಕೆ ಕಡಿಮೆ. ನನ್ನ ಮೆಶ್ ಕೂಡ ಉದ್ದಕ್ಕೆ ಒಂದು ಥರ, ಅಡ್ಡಕ್ಕೆ ಒಂದು ಥರ. ಅದನ್ನು ತಿರುಗಿಸಿ ಹಾಕಿದರೆ ಮಾಡಿದ್ದೆಲ್ಲ ದಂಡ. ರಕ್ತ ಮೆತ್ತಿದ ಗ್ಲೌಸಿನಲ್ಲಿ ಯಾರು ದಿಕ್ಕು ನೋಡುತ್ತಾರೆ? ಅದಕ್ಕೆ ನಡುನಡುವೆ ನೀಲಿ ಎಳೆ ಸೇರಿಸಿದೆ. ನೀಲಿ ಗೆರೆ ತಲೆಯಿಂದ ಕಾಲಿನ ಕಡೆಗೆ ಇರಲಿ, ಅಷ್ಟೇ. ಅಪ್ಪ ನೋಡಿ, "ಅಂತೂ ದಡಿ ಹಾಕಿದಿ ನೋಡು" ಅಂದ. ಆ ಬಣ್ಣಕ್ಕೂ ಪ್ರತ್ಯೇಕ ಪರೀಕ್ಷೆ ಮಾಡಿಸಬೇಕಾಯಿತು ಅನ್ನುವುದು ಬೇರೆ ಕಥೆ.

ಮೆಶ್ ಮಾಡಲು ಶೆಡ್ಡು ಸಿಕ್ಕಿದ್ದು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ. ಅಲ್ಲಿ ಲೇತ್ ಕೆಲಸಕ್ಕೆ ಬರ ಇಲ್ಲ. ಮೆಶ್ ಹಿಡಿದು ಗುಂಡಿನಿಂದ ಒತ್ತಿ ಒಡೆಯುವ ಪರೀಕ್ಷೆಗೆ ಬೇಕಾದ ಉಂಗುರ, ಕ್ಲಾಂಪ್ ಎಲ್ಲ ಪಕ್ಕದ ಶೆಡ್ಡಿನವರು ಎರಡು ದಿನದಲ್ಲಿ ಮಾಡಿಕೊಟ್ಟರು. ಮೊದಮೊದಲು ಪಟ್ಟಿ ಪ್ರತಿ ಸಲ ಕ್ಲಾಂಪಿನ ಬಾಯಲ್ಲೇ ತುಂಡಾಗುತ್ತಿತ್ತು, ಅಂಥ ರೀಡಿಂಗ್ ಲೆಕ್ಕಕ್ಕಿಲ್ಲ. ರಬ್ಬರ್ ಹಾಳೆ ಅಂಟಿಸಿದ ಮೇಲೆ ಸರಿಹೋಯಿತು. ಆದರೆ ಸುತ್ತ ಫೌಂಡ್ರಿಗಳು. ಪಾಲಿಪ್ರೊಪಿಲೀನ್ ಉಜ್ಜಾಟಕ್ಕೆ ಸ್ಥಿರವಿದ್ಯುತ್ ಹಿಡಿದುಕೊಳ್ಳುತ್ತದೆ, ಕರಿ ಧೂಳು ಹುಡುಕಿಕೊಂಡು ಬಂದು ಅಂಟುತ್ತದೆ. ಹೆಣೆಯುವ ಕೋಣೆಗೆ ಸೋಸಿದ ಗಾಳಿ ಕೊಟ್ಟು, ಒಳಗಿನ ಒತ್ತಡ ಹೊರಗಿಗಿಂತ ತುಸು ಜಾಸ್ತಿ ಇಡುವ ತನಕ ನಿದ್ದೆ ಇರಲಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಎಣ್ಣೆಯಿಂದ. ಎಳೆ ಯಂತ್ರದಲ್ಲಿ ಸಲೀಸಾಗಿ ಓಡಲಿ ಅಂತ ಅದಕ್ಕೆ ಎಣ್ಣೆಯಂಥ ಲೇಪ ಹಚ್ಚಿರುತ್ತಾರೆ. ಅದನ್ನು ತೊಳೆದು ತೆಗೆಯಬೇಕು. ನಮ್ಮ ತೊಳೆಯುವ ವಿಧಾನ ಪಾಸಾಗಿತ್ತು. ನಾಲ್ಕನೇ ಬ್ಯಾಚಿನ ಮಾದರಿ ಜೀವಕೋಶದ ಪರೀಕ್ಷೆಗೆ ಹೋದಾಗ ಕೋಶಗಳು ಸತ್ತವು. ನಾನು ಬಣ್ಣವನ್ನು ಸಂಶಯಿಸಿದೆ, ನೀರನ್ನು ಸಂಶಯಿಸಿದೆ, ಪಾಪದ ಹೆಲ್ಪರ್ ಹುಡುಗನನ್ನೂ ಸಂಶಯಿಸಿದೆ. ಕೊನೆಗೆ ನೋಡಿದರೆ ಎಳೆ ಕೊಡುವವರು ಲೇಪವನ್ನೇ ಬದಲಿಸಿದ್ದರು, ನಮಗೆ ಒಂದು ಮಾತೂ ಹೇಳಿರಲಿಲ್ಲ. ಈಗ ಒಪ್ಪಂದದಲ್ಲೇ ಬರೆಸಿಕೊಂಡಿದ್ದೇನೆ, ಪ್ರತಿ ಲಾಟ್ ತೊಳೆದ ಮೇಲೆ ಉಳಿದ ಎಣ್ಣೆ ತೂಗಿ ನೋಡುತ್ತೇವೆ. ಹುಡುಗನಿಗೆ ಕ್ಷಮೆ ಕೇಳಿದೆ. ಅವನು ಅಂದು ಮಧ್ಯಾಹ್ನ ಊಟಕ್ಕೆ ನನ್ನ ಜೊತೆ ಕೂರಲಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ತೊಳೆದ ಮೇಲೆ ಚೌಕಟ್ಟಿಗೆ ಎಳೆದು ಕಾಯಿಸಬೇಕು, ಇಲ್ಲದಿದ್ದರೆ ಆರು ಮೂಲೆ ನಿಲ್ಲುವುದಿಲ್ಲ. ಪಾಲಿಪ್ರೊಪಿಲೀನ್ 160 ಡಿಗ್ರಿ ದಾಟಿದರೆ ಕರಗುತ್ತದೆ, ಆದ್ದರಿಂದ ಅದಕ್ಕಿಂತ ಸಾಕಷ್ಟು ಕೆಳಗೇ ನಿಲ್ಲುತ್ತೇವೆ. ಗಾಮಾ ಕಿರಣ ಹಾಯಿಸಿದರೆ ಎಳೆ ಪೆಡಸಾಗುತ್ತದೆ, ಹಾಗಾಗಿ ಸ್ಟೆರಿಲೈಸ್ ಮಾಡಲು ಎಥಿಲೀನ್ ಆಕ್ಸೈಡ್ ಅನಿಲ. ಅದು ವಿಷ, ಗಾಳಿಯಾಡಿಸಿ ಪೂರ್ತಿ ಹೋಗಿಸಿ ಅಳೆಯಬೇಕು. ಸರ್ಕಾರದ 2017ರ ವೈದ್ಯಕೀಯ ಉಪಕರಣ ನಿಯಮಗಳ ಕಾಗದಪತ್ರ ನಮ್ಮ ಮೆಶ್‌ಗಿಂತ ನೂರು ಪಟ್ಟು ಭಾರ. ಬೈಯುತ್ತಲೇ ಮಾಡಿದೆ. ಆದರೆ ಆ ಎಣ್ಣೆಯ ಪ್ರಕರಣ ಆದ ಮೇಲೆ ಬೈಗುಳ ಸ್ವಲ್ಪ ಕಡಿಮೆಯಾಯಿತು.

ಇನ್ನೂ ಬಗೆಹರಿಯದ ಒಂದು ಕಿರಿಕಿರಿ ಇದೆ. ಯಂತ್ರದ ಎರಡೂ ಅಂಚಿನ ಸೂಜಿಗಳಲ್ಲಿ ಎಳೆ ಬಿಗಿಯಾಗುತ್ತದೆ, ಅಲ್ಲಿ ತೂತು ಒಂದು ಮಿಲಿಮೀಟರಿಗೆ ಬರುವುದೇ ಇಲ್ಲ. ಮೂರು ಸೆಂಟಿಮೀಟರ್ ಅಂಚನ್ನು ಕತ್ತರಿಸಿ ಬಿಸಾಕುತ್ತೇವೆ. ಅಪ್ಪ ಬೆಳಗಾವಿಗೆ ಬಂದಾಗ ಆ ಪಟ್ಟಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತಾನೆ. ಹಿತ್ತಲಲ್ಲಿ ಹೀರೆಬಳ್ಳಿಗೆ ಹಂದರ ಕಟ್ಟಿದ್ದಾನೆ. ಪಾಲಿಪ್ರೊಪಿಲೀನ್ ಬಿಸಿಲಿಗೆ ತಡೆಯಲ್ಲ, ಸ್ವಲ್ಪ ದಿನಕ್ಕೆ ಪುಡಿಯಾಗುತ್ತೆ ಅಂತ ಹೇಳಿದೆ.

"ಹೀರಿಕಾಯಿನೂ ಅಷ್ಟ ದಿನಾನ ಬರೂದು ತಗೋ" ಅಂದ.