ಡೇರೆ, ಸೇವಂತಿಗೆ ಎಲೆಯ ರಂಗೋಲಿ ಹುಳುವನ್ನು ನೊಣವಾಗುವ ತನಕ ಸಾಕುವ ಕ್ರಮ

ಡೇರೆ, ಸೇವಂತಿಗೆ, ಚೆಂಡು ಹೂವಿನ ಎಲೆ ಮೇಲೆ ಅಂಕುಡೊಂಕಾದ ಬಿಳಿ ಗೆರೆ ಎದ್ದರೆ ಅದು ರಂಗೋಲಿ ಹುಳುವಿನ ಕೆಲಸ. ಎಲೆಯ ಮೇಲಿನ, ಕೆಳಗಿನ ಸಿಪ್ಪೆಗಳ ನಡುವೆ ಕೂತು ಹಸಿರು ತಿರುಳನ್ನು ಕೆರೆದು ತಿನ್ನುವ ನೊಣದ ಮರಿ ಇದು. ಈ ಗಿಡಗಳೆಲ್ಲ ಸೂರ್ಯಕಾಂತಿ ಕುಟುಂಬದವು. ಕುಸುಬೆ, ಬ್ರಹ್ಮದಂಡೆಯಂಥ ಮುಳ್ಳುಗಿಡಗಳೂ ಅದೇ ಕುಟುಂಬ. ಬರೀ ಗೆರೆ ನೋಡಿ ನೊಣದ ಜಾತಿ ಹೇಳಲು ಹೊರಟರೆ ಇಲ್ಲಿ ತಪ್ಪಾಗುವುದೇ ಹೆಚ್ಚು. ಬಲೆ ಬೀಸಿ ನೊಣ ಹಿಡಿದರೆ ಅದು ಯಾವ ಗಿಡ ತಿಂದು ಬೆಳೆದದ್ದೆಂದು ತಿಳಿಯುವುದಿಲ್ಲ. ಹಾಗಾಗಿ ಎಲೆ ತಂದು ಮನೆಯಲ್ಲೇ ಸಾಕುತ್ತೇನೆ.

ಮಲೆನಾಡಿನಲ್ಲಿ ಇದಕ್ಕೆ ಒಳ್ಳೆಯ ಕಾಲ ದೀಪಾವಳಿಯಿಂದ ಶಿವರಾತ್ರಿವರೆಗೆ. ತೀರ್ಥಹಳ್ಳಿ, ಹೊಸನಗರ ಕಡೆಯ ಜಡಿಮಳೆಯಲ್ಲಿ ತಂದ ಎಲೆ ಮೂರನೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ, ಹುಳು ಅದರೊಳಗೇ ಸಾಯುತ್ತದೆ.

ಎಲೆ ಕೀಳುವ ಮೊದಲು ಬಿಸಿಲಿಗೆ ಎತ್ತಿ ಹಿಡಿದು ನೋಡಬೇಕು. ಗೆರೆ ಸಣ್ಣದಾಗಿ ಶುರುವಾಗಿ ಅಗಲವಾಗುತ್ತ ಹೋಗುತ್ತದೆ. ಹುಳು ಇರುವುದು ಅಗಲದ ತುದಿಯಲ್ಲಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಸಾಕು. ಹಳದಿ ಮೈಯ ಮುಂತುದಿಯಲ್ಲಿ ಕರಿಯ ಕೊಕ್ಕೆ ಆಡುತ್ತಿದ್ದರೆ ಜೀವಂತ ಹುಳು. ಆ ತುದಿಯಲ್ಲಿ ಅರ್ಧಚಂದ್ರದಂತೆ ಸೀಳಿದ್ದರೆ ಹುಳು ಹೊರಟುಹೋಗಿದೆ, ಆ ಎಲೆ ಬೇಡ. ಹಿಕ್ಕೆಯನ್ನೂ ಗಮನಿಸಿ. ನೊಣದ ಮರಿ ಮಗ್ಗುಲಾಗಿ ಮಲಗಿ ತಿನ್ನುತ್ತ ಆಗಾಗ ಮಗ್ಗುಲು ಬದಲಿಸುವುದರಿಂದ ಹಿಕ್ಕೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬೀಳುತ್ತದೆ. ಹಿಕ್ಕೆ ನಡುಮಧ್ಯೆ ಒಂದೇ ಸಾಲಾಗಿದ್ದು, ಹುಳುವಿಗೆ ಕಂದು ತಲೆ ಸ್ಪಷ್ಟವಾಗಿ ಕಂಡರೆ ಅದು ಪತಂಗದ ಮರಿ, ಬೇರೆಯೇ ಲೆಕ್ಕ.

ಇಬ್ಬನಿ ಒರೆಸಿ, ಒಂದು ಕವರಿಗೆ ಒಂದೇ ಎಲೆ ಹಾಕಬೇಕು. ಆರು-ಎಂಟು ಇಂಚಿನ ಜಿಪ್ ಕವರು, ಒಳಗೆ ನಾಲ್ಕು ಮಡಿಕೆಯ ಒಣ ಟಿಶ್ಯೂ ಕಾಗದ. ಟಿಶ್ಯೂಗೆ ನೀರು ಚಿಮುಕಿಸಬೇಡಿ, ಎಲೆಯ ತೇವವೇ ಸಾಕು. ಬೆಳಿಗ್ಗೆ, ಸಂಜೆ ಬಿಚ್ಚಿ ನೋಡಿ, ಕವರಿನ ಗೋಡೆಯಲ್ಲಿ ಹನಿ ಕಟ್ಟಿದ್ದರೆ ಟಿಶ್ಯೂ ಬದಲಿಸಿ. ಹೊರಬಿದ್ದ ಹುಳು ಆ ಹನಿಯಲ್ಲಿ ಮುಳುಗಿ ಸಾಯುವುದು ನನ್ನ ಲೆಕ್ಕದಲ್ಲಿ ಬೂಸ್ಟಿಗಿಂತ ದೊಡ್ಡ ನಷ್ಟ.

ಇನ್ನು ನೋಡಬೇಕಾದದ್ದು ಹುಳು ಕೋಶವಾಗುವುದು, ಅಂದರೆ ನೊಣವಾಗುವ ಮೊದಲು ಗಟ್ಟಿ ಕವಚದೊಳಗೆ ಸೇರುವುದು, ಎಲ್ಲಿ ಎಂಬುದನ್ನು. ಅರ್ಧ ಗುರುತು ಅಲ್ಲೇ ಸಿಕ್ಕಿಬಿಡುತ್ತದೆ. ಲಿರಿಯೊಮೈಜಾ ಟ್ರೈಫೋಲಿ ಎಲೆ ಸೀಳಿ ಕೆಳಗೆ ಬಿದ್ದು, ಮಣ್ಣಿನಲ್ಲಿ ಕೋಶವಾಗುತ್ತದೆ. ಕವರಿನಲ್ಲಾದರೆ ಸುಮಾರು 2 ಮಿ.ಮೀ. ಉದ್ದದ ಹಳದಿ-ಕಂದು ಕಾಳಿನಂತೆ ಟಿಶ್ಯೂ ಮೇಲೆ ಬಿದ್ದಿರುತ್ತದೆ. ಅಮೆರಿಕ ಮೂಲದ ಈ ನೊಣ ನಮ್ಮ ದೇಶದಲ್ಲಿ ಕಾಣಿಸಿಕೊಂಡದ್ದು 1990ರ ಸುಮಾರಿಗೆ. ಫೈಟೊಮೈಜಾ ಹಾರ್ಟಿಕೋಲ ಹಾಗಲ್ಲ, ಎಲೆಯೊಳಗೇ ಕೋಶವಾಗುತ್ತದೆ. ಗೆರೆಯ ತುದಿಯಲ್ಲಿ ಸಣ್ಣ ಉಬ್ಬು, ಅದರಿಂದ ಉಸಿರಾಟದ ಎರಡು ಮೊನೆಗಳು ಸಿಪ್ಪೆ ತೂರಿ ಹೊರಗೆ ಇಣುಕುತ್ತಿರುತ್ತವೆ. ಮುರಿದರೆ ಹಾಲು ಸುರಿಸುವ, ಹಳದಿ ಹೂವಿನ ಸಾಂಕಸ್ ಕಳೆಯಲ್ಲಿ ಇದನ್ನು ಹುಡುಕಿ. ಇದರದೇ ತದ್ರೂಪಿ ಇನ್ನೊಂದಿದೆ, ಸಿಂಜೆನೀಸಿಯೆ. 1967ರಲ್ಲಿ ಕೀಟತಜ್ಞ ಗ್ರಿಫಿತ್ಸ್ ಬೇರ್ಪಡಿಸುವ ತನಕ ಎರಡನ್ನೂ ಅಟ್ರಿಕಾರ್ನಿಸ್ ಎಂಬ ಒಂದೇ ಹೆಸರಿನಲ್ಲಿ ಬರೆಯುತ್ತಿದ್ದರು. ಇವುಗಳ ವ್ಯತ್ಯಾಸ ಕಾಣುವುದು ಗಂಡಿನ ಜನನಾಂಗದಲ್ಲಿ ಮಾತ್ರ. ಹಳೆಯ ಪಟ್ಟಿಯಲ್ಲಿ ಅಟ್ರಿಕಾರ್ನಿಸ್ ಎಂದಿದ್ದರೆ ಅದನ್ನು ಹಾಗೇ ಎತ್ತಿ ಬರೆದುಕೊಳ್ಳಬಾರದು.

ಟಿಶ್ಯೂ ಮೇಲೆ ಬಿದ್ದ ಕೋಶವನ್ನು ಒದ್ದೆ ಕುಂಚದ ತುದಿಯಲ್ಲಿ ಎತ್ತಿ ಹೋಮಿಯೋಪಥಿ ಗುಳಿಗೆಯ ಗಾಜಿನ ಸೀಸೆಗೆ ಹಾಕುತ್ತೇನೆ. ಚಿಮುಟ ಬೇಡ, ಒತ್ತಿದರೆ ಒಡೆಯುತ್ತದೆ. ಸೀಸೆಯ ತಳದಲ್ಲಿ ಒಂದು ಸೆಂ.ಮೀ. ಹೊಳೆ ಮರಳು; ತೊಳೆದು, ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು ಆರಿಸಿದ್ದು. ಅದಕ್ಕೆ ಎರಡು-ಮೂರು ಹನಿ ನೀರು, ಬಾಯಿಗೆ ಹತ್ತಿ. ಮರಳು ಪೂರಾ ಒಣಗಿದರೆ ನೊಣ ಹೊರಬರಲಾರದೆ ಸಾಯುತ್ತದೆ, ಇಲ್ಲವೇ ಮುದುಡಿದ ರೆಕ್ಕೆಯೊಂದಿಗೆ ಬರುತ್ತದೆ. ಎಲೆಯೊಳಗಿನ ಕೋಶವನ್ನು ಬಿಡಿಸಲು ಹೋಗಬೇಡಿ. ಸುತ್ತ ಒಂದು ಸೆಂ.ಮೀ. ಬಿಟ್ಟು ಎಲೆಯ ತುಂಡು ಕತ್ತರಿಸಿ ಹಾಗೇ ಸೀಸೆಗೆ ಹಾಕಿ. ಟ್ರೈಫೋಲಿ 20ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 7ರಿಂದ 14 ದಿನಕ್ಕೆ ಹೊರಬರುತ್ತದೆ, ಹೆಚ್ಚಾಗಿ ಮಧ್ಯಾಹ್ನದೊಳಗೆ.

ಎಷ್ಟೋ ಸಲ ಸೀಸೆಯಲ್ಲಿ, ಇಲ್ಲವೇ ಇನ್ನೂ ಕವರಿನಲ್ಲಿದ್ದಾಗಲೇ, ನೊಣದ ಬದಲು ಲೋಹದಂತೆ ಹೊಳೆಯುವ ಪುಟ್ಟ ಕಣಜ ಬರುತ್ತದೆ. ಅದನ್ನು ಎಸೆಯಬೇಡಿ. ಡಿಗ್ಲಿಫಸ್, ಹೆಮಿಪ್ಟಾರ್ಸೆನಸ್ ಜಾತಿಯ ಕಣಜಗಳು ಎಲೆಯ ಮೇಲಿಂದಲೇ ಹುಳುವಿಗೆ ಚುಚ್ಚಿ, ಅದರ ಪಕ್ಕದಲ್ಲಿ ಮೊಟ್ಟೆ ಇಡುತ್ತವೆ. ಗೆರೆ ಅರ್ಧಕ್ಕೇ ನಿಂತು, ತುದಿಯಲ್ಲಿ ಕಂದಾಗಿ ಅಲುಗದ ಹುಳು ಇದ್ದರೆ ಅದು ಇವುಗಳದೇ ಕೆಲಸವಿರಬಹುದು. ಎಲೆಯಲ್ಲಿ ಸೂಜಿ ಚುಚ್ಚಿದಂಥ ದುಂಡು ತೂತಿದ್ದರೆ ಕಣಜ ಹೊರಟಾಗಿದೆ. ಸೇವಂತಿಗೆ ಬೆಳೆಯುವವರು ಔಷಧಿ ಹೊಡೆಯುವ ಮೊದಲು ಇಪ್ಪತ್ತು ಎಲೆಗಳನ್ನು ಹೀಗೆ ಕವರಿನಲ್ಲಿಟ್ಟು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಟ್ರೈಫೋಲಿ ಎಷ್ಟೋ ಕೀಟನಾಶಕಗಳಿಗೆ ಜಗ್ಗದಷ್ಟು ಒಗ್ಗಿಕೊಂಡಿದೆ. ಅದೇ ಔಷಧಿಗೆ ಕಣಜ ಮಾತ್ರ ಸಾಯುತ್ತದೆ, ಮುಂದಿನ ತಿಂಗಳು ರಂಗೋಲಿ ದುಪ್ಪಟ್ಟಾಗುತ್ತದೆ. ಕಣಜವೇ ಹೆಚ್ಚು ಬಂದರೆ ನಾನು ಔಷಧಿ ಮುಟ್ಟುವುದಿಲ್ಲ, ಗೆರೆ ಬಿದ್ದ ಎಲೆಯನ್ನೂ ಕಿತ್ತು ಸುಡುವುದಿಲ್ಲ. ನೊಣವೇ ಹೆಚ್ಚು ಬಂದರೆ ಬುಡದ ಎಲೆ ಕಿತ್ತು, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಿಸಿಲಿಗಿಡಬೇಕು. ಕಿತ್ತದ್ದನ್ನು ಸಾಲಿನಲ್ಲೇ ಬಿಟ್ಟರೆ ಹುಳು ಅಲ್ಲೇ ಮಣ್ಣಿಗಿಳಿಯುತ್ತದೆ.

ಹೊರಬಂದ ನೊಣವನ್ನು ಕೂಡಲೇ ಕೊಲ್ಲಬಾರದು. ಮೈ ಗಟ್ಟಿಯಾಗಿ ಬಣ್ಣ ಕೂಡಲು ಒಂದು ದಿನ ಬೇಕು. ಮೆತ್ತಗಿರುವಾಗ ಒಣಗಿಸಿದರೆ ತಲೆ ಕುಸಿದು ಗುರುತಿಗೆ ಒದಗದು. ಹತ್ತಿಗೆ ಸಕ್ಕರೆ ನೀರಿನ ಒಂದು ಹನಿ ಮುಟ್ಟಿಸಿದರೆ ಅಷ್ಟು ಹೊತ್ತು ಬದುಕಿರುತ್ತದೆ. ಆಮೇಲೆ ಫ್ರೀಜರಿನಲ್ಲಿ ರಾತ್ರಿಯಿಟ್ಟು, 70-80 ಶೇಕಡಾ ಮದ್ಯಸಾರಕ್ಕೆ ಹಾಕುತ್ತೇನೆ. ಟ್ರೈಫೋಲಿಯ ಬೆನ್ನು ಬೂದು ಲೇಪದ ಮಂಕು ಕಪ್ಪು, ಬೆನ್ನ ತುದಿಯ ತ್ರಿಕೋನ ಅಚ್ಚ ಹಳದಿ. ಬೆನ್ನು ಹೊಳೆಯುವ ಕಪ್ಪಾಗಿದ್ದರೆ ಅದೇ ಲಿರಿಯೊಮೈಜಾ ಗುಂಪಿನ ಇನ್ನೊಂದು ನೊಣ, ಸಟೈವೆ, ಇರಬಹುದೆಂದು ಅನುಮಾನಿಸಿ. ಹಾರ್ಟಿಕೋಲಕ್ಕೆ ಆ ಹಳದಿ ತ್ರಿಕೋನವೇ ಇಲ್ಲ, ಬೆನ್ನೆಲ್ಲ ಬೂದು. ಕೊನೆಯ ಮಾತು ಗಂಡಿನದು: ಹೊಟ್ಟೆಯ ಭಾಗ ಬಿಡಿಸಿ, 10 ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಬಿಸಿಮಾಡಿ, ನೀರಲ್ಲಿ ತೊಳೆದು, ಗ್ಲಿಸರಿನ್‌ನಲ್ಲಿಟ್ಟು ಸೂಕ್ಷ್ಮದರ್ಶಕದಡಿ ನೋಡಬೇಕು. ಆದ್ದರಿಂದ ಒಂದೇ ನೊಣಕ್ಕೆ ತೃಪ್ತರಾಗದೆ ಒಂದೇ ಗಿಡದಿಂದ ಏಳೆಂಟಾದರೂ ಸಾಕಿ.

ಎಲೆಯನ್ನೂ ಹಳೆ ಪತ್ರಿಕೆಯ ನಡುವೆ ಒತ್ತಿಟ್ಟು, ಪತ್ರಿಕೆಯನ್ನು ದಿನಾ ಬದಲಿಸಿ ಒಣಗಿಸಬೇಕು. ಎಲೆಗೂ ನೊಣಕ್ಕೂ ಒಂದೇ ಸಂಖ್ಯೆ. ಚೀಟಿಯಲ್ಲಿ ಗಿಡ, ಊರು, ಎಲೆ ಕಿತ್ತ ದಿನ, ಕೋಶವಾದ ದಿನ ಮತ್ತು ಜಾಗ, ನೊಣ ಬಂದ ದಿನ. ಬರೆಯುವುದು ಪೆನ್ಸಿಲಿನಲ್ಲೇ, ಬಾಲ್‌ಪೆನ್ನಿನ ಶಾಯಿ ಮದ್ಯಸಾರದಲ್ಲಿ ಕರಗಿ ಚೀಟಿ ಖಾಲಿಯಾಗುತ್ತದೆ.