ಕವಿಯ ಹೆಸರಿನ ಗ್ರಂಥಾಲಯದಲ್ಲಿ ಕವಿಯದೇ ಕಪಾಟು

ಬೆಂಗಳೂರಿನ ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಸ್ಥಳೀಯ ಕವಿಯ ಹೆಸರಿದೆ. ಫಲಕ ಬಾಗಿಲ ಮೇಲಿದ್ದು ಪುಸ್ತಕ ಒಳಗಿಲ್ಲದಿದ್ದರೆ ಏನು ಚೆಂದ? ಇಂಥ ಕವಿಗಳು ಬಿಟ್ಟುಹೋಗುವುದು ಒಂದೆರಡು ತೆಳ್ಳನೆಯ ಸಂಕಲನ, ಹಳೆಯ ಪತ್ರಿಕೆಗಳಲ್ಲಿ ಚದುರಿದ ಬಿಡಿ ಕವಿತೆಗಳು. ತೆಳ್ಳನೆ ಪುಸ್ತಕಕ್ಕೆ ಚೀಟಿ ಅಂಟಿಸಲು ಬೆನ್ನೇ ಇರುವುದಿಲ್ಲ. ದಪ್ಪ ಕಾದಂಬರಿಗಳ ನಡುವೆ ಸಿಕ್ಕಿದರೆ ಮತ್ತೆ ಕೈಗೆ ಸಿಗದು. ಹಾಗಾಗಿ ಪ್ರತಿಯೊಂದನ್ನೂ ರಟ್ಟಿನ ಹೊದಿಕೆಯಲ್ಲಿಟ್ಟು, ಚೀಟಿಯನ್ನು ಹೊದಿಕೆಗೇ ಅಂಟಿಸುತ್ತೇವೆ.

ಅದಕ್ಕೂ ಮೊದಲು ಹಾಳೆಗಳನ್ನು ಹಿಡಿದಿಟ್ಟ ಪಿನ್ನು ತೆಗೆಯಬೇಕು. ಮಳೆಗಾಲದ ತೇವಕ್ಕೆ ಅದು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನೇ ತಿನ್ನುತ್ತದೆ. ಒಳಗೆ ಮಡಚಿದ ಕಾಲುಗಳನ್ನು ಮೊಂಡು ಚಾಕುವಿನಿಂದ ನೆಟ್ಟಗೆ ಮಾಡಿ, ಹೊರಗಿನಿಂದ ಎಳೆಯಿರಿ; ಹಾಗೇ ಕಿತ್ತರೆ ಹಾಳೆ ಹರಿಯುತ್ತದೆ. ಪಿನ್ನಿನ ಬದಲು ದಾರದಿಂದ ಹೊಲಿಯಲು ಹಳೆಯ ತೂತುಗಳಲ್ಲಿ ಮೇಲಿನದೊಂದು, ಕೆಳಗಿನದೊಂದು ಸಾಕು, ನಡುವೆ ಇನ್ನೊಂದು ಮಾಡಿಕೊಳ್ಳಿ. ಪುಸ್ತಕದ ಎತ್ತರದ ಎರಡೂವರೆ ಪಟ್ಟು ಹತ್ತಿ ದಾರ ಬೇಕು. ಒಳಗಿನಿಂದ ನಡುತೂತಿಗೆ ಸೂಜಿ ಹಾಕಿ, ಹೊರಗಿನಿಂದ ಮೇಲಿನದಕ್ಕೆ, ಒಳಗೆ ಉದ್ದಕ್ಕೂ ಇಳಿಸಿ ಕೆಳಗಿನದಕ್ಕೆ, ಮತ್ತೆ ಹೊರಗಿನಿಂದ ನಡುವಿನದಕ್ಕೆ. ಎರಡು ತುದಿಗಳೂ ಉದ್ದ ಹೊಲಿಗೆಯ ಆಚೀಚೆ ಬರುವಂತೆ ನೋಡಿಕೊಂಡು ಗಂಟು ಹಾಕಿ. ಸೆಲ್ಲೋಟೇಪ್ ಮಾತ್ರ ಬೇಡವೇ ಬೇಡ. ಟೇಪು ಉದುರಿಹೋಗುತ್ತದೆ, ಹಳದಿ ಕಲೆ ಉಳಿಯುತ್ತದೆ. ಬೈಂಡರುಗಳ ಮೈಲುತುತ್ತ ಬೆರೆಸಿದ ಮೈದಾ ಅಂಟು ಹುಳುವನ್ನು ದೂರವಿಡುತ್ತದೆ, ಸರಿ. ಆದರೆ ಮೈಲುತುತ್ತದಲ್ಲಿರುವ ತಾಮ್ರದ ಅಂಶ ಹಳೆಯ ಕಾಗದವನ್ನು ಕೆಡಿಸುತ್ತದೆ.

ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಕಾವ್ಯಕ್ಕೆ 894.8141. ಕಾವ್ಯನಾಮ, ನಿಜನಾಮ ಎರಡನ್ನೂ ಒಂದೇ ದಾಖಲೆಗೆ ಜೋಡಿಸಿ. ಮುದ್ದಣ ಎಂದು ಹುಡುಕಿದರೂ ನಂದಳಿಕೆ ಲಕ್ಷ್ಮೀನಾರಣಪ್ಪ ಎಂದು ಹುಡುಕಿದರೂ ಒಂದೇ ಪುಸ್ತಕ ಸಿಗಬೇಕು. ಸೂಚಿಯನ್ನು ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡಿ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ ಹಳೆಯ ಆಸ್ಕಿ ಫಾಂಟಿನಲ್ಲಿ ತುಂಬಿದ್ದು ಹುಡುಕಾಟಕ್ಕೆ ಸಿಗುವುದಿಲ್ಲ.

ಮಾರಾಟದಲ್ಲಿ ಸಿಗದ ಪುಸ್ತಕವಾದರೆ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿಯವರೆಗೆ ನಕಲು ಮಾಡಿಕೊಳ್ಳಲು ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ. ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚುವುದು ಬೇರೆ ಮಾತು. 1960ರಲ್ಲಿ ತೀರಿಕೊಂಡ ಕವಿ ಬದುಕಿದ್ದಾಗ ಪ್ರಕಟಿಸಿದ ಕವಿತೆಗಳ ಹಕ್ಕು 2020ರ ಕೊನೆಗೆ ಮುಗಿಯಿತು. ತೀರಿಕೊಂಡ ಮೇಲೆ ಮೊದಲ ಬಾರಿ ಅಚ್ಚಾದವಕ್ಕೆ ಪ್ರಕಟಣೆಯಿಂದ 60 ವರ್ಷದ ಲೆಕ್ಕ. ಎಡವುವುದು ಮುನ್ನುಡಿಯಲ್ಲಿ: ಅದನ್ನು ಬರೆದ ಹಿರಿಯರು ಹೆಚ್ಚಾಗಿ ಕವಿಗಿಂತ ಎಷ್ಟೋ ವರ್ಷ ಬದುಕಿರುತ್ತಾರೆ, ಅದರ ಹಕ್ಕು ಇನ್ನೂ ಚಾಲ್ತಿಯಲ್ಲಿರುತ್ತದೆ. ರಕ್ಷಾಪುಟದ ಚಿತ್ರಕ್ಕೂ ಇದೇ ನ್ಯಾಯ. ವಾರಸುದಾರರ ಒಪ್ಪಿಗೆ ಪತ್ರ ಬರುವ ತನಕ ಆ ಪುಟಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ಹಂಚುತ್ತೇವೆ.